ಮೊದಲನೇದಾ, ಎರಡನೇದಾ?

ಬೆಳಗ್ಗೆ ಏಳೂವರೆಗೆ ಕನ್ನಡಕದಂಗಡಿಯವರ ಫೋನು ಪ್ರಾಣ ಬಿಟ್ಟಿತು. ಎಲೆಕ್ಟ್ರಿಕ್ ಕಾರುಗಳ ಬಗ್ಗೆ ಯಾರೋ ಮಾಡಿದ ನಲವತ್ತೆರಡು ನಿಮಿಷದ ವಿಡಿಯೋವನ್ನು ಅವರು ಕಾಫಿ ಆರಿದ್ದೂ ಗೊತ್ತಿಲ್ಲದೆ ನೋಡುತ್ತ ಕೂತಿದ್ದರು. ಮೂವತ್ತೊಂಬತ್ತನೇ ನಿಮಿಷದಲ್ಲಿ ಆ ಪುಣ್ಯಾತ್ಮ, "ಹಾಗಾದ್ರೆ ಕೊನೆಗೂ ಯಾವ ಕಾರು ತಗೋಬೇಕು ಅಂದ್ರೆ..." ಎಂದು ಬಾಯಿ ತೆರೆದ. ಪರದೆ ಕಪ್ಪಾಯಿತು.

"ಫೋನಿಗೆ ಚಾರ್ಜ್ ಹಾಕೋಕೆ ನೆನಪಿಲ್ಲ, ಕಾರಿಗೆ ಹಾಕ್ತಾರಂತೆ," ಎಂದಳು ಹೆಂಡತಿ, ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತ.

ಕನ್ನಡಕದವರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. ಹನ್ನೊಂದು ತಿಂಗಳಿಂದ ಅವರು ಕಾರು ಆರಿಸುತ್ತಿದ್ದರು. ಹದಿನಾಲ್ಕು ಕಾರುಗಳಿಂದ ಶುರುವಾದ ಪಟ್ಟಿ ಐದನೇ ತಿಂಗಳಿಗೆ ಎರಡಕ್ಕೆ ಇಳಿದಿತ್ತು. ಒಂದು ನೀಲಿ, ಮೈ ಪುಟ್ಟದು, ಸೀಟು ಎತ್ತರ. ಇನ್ನೊಂದು ಬೂದು, ಉದ್ದನೆಯದು, ಒಂದು ಸಲ ಚಾರ್ಜ್ ಮಾಡಿದರೆ ಬಹಳ ದೂರ ಹೋಗುವಂಥದ್ದು. ಅಲ್ಲಿಂದ ಮುಂದೆ ಆರು ತಿಂಗಳೂ ಮೀನಮೇಷ ಎಣಿಸುವುದರಲ್ಲೇ ಕಳೆದಿತ್ತು. ಸೋಮವಾರ ಏಳುವಾಗ ನೀಲಿಯೇ ಸರಿ ಅನ್ನಿಸುವುದು, ಹಲ್ಲುಜ್ಜಿ ಬರುವಷ್ಟರಲ್ಲಿ ಬೂದೇ ಸರಿ ಅನ್ನಿಸುವುದು. ಎರಡನ್ನೂ ಹೋಲಿಸಿ ಬರೆದ ನೋಟ್‌ಬುಕ್ಕುಗಳು ಮೂರಾಗಿದ್ದವು.

ಬೇರೆಯವರಿಂದ ಆಯ್ಕೆ ಮಾಡಿಸುವುದೇ ಅವರ ಕಸುಬು ಎಂಬುದನ್ನು ಇಲ್ಲಿ ಹೇಳಬೇಕು. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಫ್ರೇಮು ಏರಿಸಿ, ಒಂದು ಗಾಜು ಹಾಕಿ, ಅದನ್ನು ತೆಗೆದು ಇನ್ನೊಂದು ಹಾಕಿ, "ಮೊದಲನೇದಾ, ಎರಡನೇದಾ?" ಎಂದು ಕೇಳಬೇಕು. ಕೆಲವರು ಥಟ್ಟನೆ ಹೇಳಿಬಿಡುತ್ತಾರೆ. ಇನ್ನು ಕೆಲವರು ಇರುತ್ತಾರೆ, "ಎರಡೂ ಒಂದೇ ಥರ ಕಾಣ್ತಿದೆ... ಎಲ್ಲಿ, ಇನ್ನೊಂದ್ಸಲ ಮೊದಲನೇದು ತೋರಿಸಿ" ಎನ್ನುವವರು. ಅವರನ್ನು ಕಂಡರೆ ಕನ್ನಡಕದವರಿಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಸಣ್ಣದನ್ನು ಹೇಳಲಾಗದವರು ಸಂಸಾರ ಹೇಗೆ ಮಾಡುತ್ತಾರೋ ಎಂದು ಒಳಗೊಳಗೇ ಬೈದುಕೊಂಡು, ಹೊರಗೆ ನಗುತ್ತ ಇನ್ನೊಂದು ಸಲ ಮೊದಲನೆಯದನ್ನು ತೋರಿಸುತ್ತಿದ್ದರು.

"ಇವತ್ತು ಎಷ್ಟನೇ ತಾರೀಖು ಅಂತ ಗೊತ್ತಿದೆ ತಾನೆ?" ಹೆಂಡತಿ ಕೇಳಿದಳು.

ಗೊತ್ತಿತ್ತು. ಅವರ ಕಟ್ಟಡದ ನೆಲಮಾಳಿಗೆಗೆ ಬಂದಿರುವ ವಿದ್ಯುತ್ ಲೈನು ಇನ್ನು ಒಂದೇ ಒಂದು ಕಾರಿನ ಚಾರ್ಜಿಂಗನ್ನು ಮಾತ್ರ ತಾಳುತ್ತಿತ್ತು. ಮೊದಲು ಕೇಳಿದವರು ಎಂಬ ಕಾರಣಕ್ಕೆ ಕಟ್ಟಡದ ಕಾರ್ಯದರ್ಶಿ ಆ ಜಾಗವನ್ನು ಒಂದು ತಿಂಗಳ ಮಟ್ಟಿಗೆ ಇವರ ಹೆಸರಿನಲ್ಲಿ ಹಿಡಿದಿಟ್ಟಿದ್ದರು. ಇವತ್ತು ಸಂಜೆ ಆರರೊಳಗೆ ಯಾವುದಾದರೂ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ ರಸೀದಿ ತೋರಿಸಬೇಕು. ಇಲ್ಲದಿದ್ದರೆ ಆರು ಗಂಟೆ ಒಂದು ನಿಮಿಷಕ್ಕೆ ಜಾಗ ಎರಡನೇ ಮಹಡಿಯ ಹಲ್ಲಿನ ಡಾಕ್ಟರಿಗೆ. ಆಮೇಲೆ ಹೊಸ ಲೈನು ಬರುವವರೆಗೆ, ಅಂದರೆ ವರ್ಷವೋ ಎರಡು ವರ್ಷವೋ, ಹೆಂಡತಿಗೆ ಹಳೆಯ ಕಾರೇ ಗತಿ.

ಆ ಹಳೆಯ ಕಾರಿನ ಸೀಟು ಹತ್ತೊಂಬತ್ತು ವರ್ಷದಲ್ಲಿ ಕುಸಿದು ಕುಸಿದು ನೆಲಕ್ಕೆ ಗೇಣು ದೂರದಲ್ಲಿತ್ತು. ಅದರಲ್ಲೇ ಅವಳು ದಿನವೂ ಊರಿನ ಆ ತುದಿಯ ಗ್ರಂಥಾಲಯಕ್ಕೆ ಹೋಗಿ ಬರಬೇಕು. ಸಂಜೆ ಕಟ್ಟಡದ ಮುಂದೆ ಇಳಿಯುವಾಗ ಬಾಗಿಲ ಚೌಕಟ್ಟು ಹಿಡಿದು, ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿ, "ಅಮ್ಮಾ" ಎನ್ನುತ್ತಿದ್ದಳು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತ ಕನ್ನಡಕದವರಿಗೆ ಆ "ಅಮ್ಮಾ" ಪ್ರತಿ ಸಂಜೆ ಕೇಳಿಸುತ್ತಿತ್ತು. ಪ್ರತಿ ಸಂಜೆಯೂ ಅವರು ನಾಚಿಕೊಂಡು ಒಳಗೆ ಬಂದು ನೋಟ್‌ಬುಕ್ ತೆರೆಯುತ್ತಿದ್ದರು.

"ಇವತ್ತು ಮಾಡೇ ಮಾಡ್ತೀನಿ," ಎಂದರು.

"ನಾಳೆ ಅನ್ನಬೇಡಿ ಅಷ್ಟೇ," ಎಂದು ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಸಿಟ್ಟೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ.

ಲಿಫ್ಟಿನಲ್ಲಿ ಅವರು ಒಂದು ತಪ್ಪು ಮಾಡಿದರು. ಮೇಲಿನ ಮನೆಯ ನಿವೃತ್ತ ಇಂಜಿನಿಯರು, "ಏನ್ ಸ್ವಾಮಿ, ಮುಖ ಸಪ್ಪಗಿದೆ?" ಎಂದು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಮಧ್ಯಾಹ್ನ ಮೂರಕ್ಕೆ ನೀಲಿ ಕಾರಿನ ಷೋರೂಮಿನಲ್ಲಿ ಇನ್ನೊಂದು ಸಲ ಓಡಿಸಿ ನೋಡುವುದಿದೆ, ಅದಾದ ಮೇಲೆ ತೀರ್ಮಾನ ಎಂದೂ ಸೇರಿಸಿದರು.

"ನಾನಿಲ್ಲದೆ ಹೋಗಬೇಡಿ ಮತ್ತೆ!" ಇಂಜಿನಿಯರು ಬೆರಳೆತ್ತಿದರು. "ನಿಮ್ಮನ್ನ ಯಾಮಾರಿಸಿ ಕಳಿಸ್ತಾರೆ. ಯಂತ್ರದ ವಿಷಯ ಯಂತ್ರ ಗೊತ್ತಿರೋರೇ ನೋಡಬೇಕು."

ಇಂಜಿನಿಯರು ಮೂವತ್ತೈದು ವರ್ಷ ನೀರಿನ ಟ್ಯಾಂಕು ಕಟ್ಟಿಸಿದವರು. ಹಾಗೆಂದು ನೆನಪಿಸುವ ಧೈರ್ಯ ಕನ್ನಡಕದವರಿಗೆ ಇರಲಿಲ್ಲ. ಎದುರು ಮನೆಯ ಟ್ಯೂಷನ್ ಟೀಚರೂ ಅದೇ ಲಿಫ್ಟಿನಲ್ಲಿದ್ದರು; ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಇಬ್ಬರನ್ನೂ ನೋಡುತ್ತಿದ್ದರು.

"ನಾನೂ ಬರ್ತೀನಪ್ಪ. ಮಕ್ಕಳಿಗೆ ಇವತ್ತು ರಜೆ ಕೊಟ್ಟಿದ್ದೀನಿ. ಅದಿರಲಿ, ನನ್ನ ಕನ್ನಡಕ ಯಾವಾಗ ಕೊಡ್ತೀರಿ? ಐದು ದಿನ ಆಯ್ತು. ಮೊನ್ನೆ ಸಕ್ಕರೆ ಅಂತ ಉಪ್ಪು ಹಾಕ್ಕೊಂಡು ಕಾಫಿ ಕುಡಿದೆ."

"ನಾಳೆ," ಎಂದರು ಕನ್ನಡಕದವರು. ಹನ್ನೊಂದು ತಿಂಗಳ ಅಭ್ಯಾಸ, ಬಾಯಿಗೆ ತಾನೇ ಬಂತು.

ಆದರೂ ಮನಸ್ಸಿಗೆ ಚುರುಕ್ಕೆಂದಿತ್ತು. ಅಂಗಡಿಗೆ ಹೋದವರೇ ಮೊದಲು ಟೀಚರ ಕನ್ನಡಕ ಹುಡುಕಿ, ಕಳೆದಿದ್ದ ಸ್ಕ್ರೂ ಹಾಕಿ, ಗಾಜು ಒರೆಸಿ, ಡಬ್ಬಿಯಲ್ಲಿಟ್ಟು, ಮರೆಯಬಾರದೆಂದು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡರು. ಇಟ್ಟುಕೊಂಡ ಎರಡನೇ ನಿಮಿಷಕ್ಕೆ ಮರೆತರು. ಫೋನಿಗೆ ಚಾರ್ಜ್ ಹಾಕಬೇಕೆಂಬುದು ಅದಕ್ಕೂ ಮುಂಚೆಯೇ ಮರೆತುಹೋಗಿತ್ತು. ಆ ಬೆಳಗ್ಗೆ ಬಂದ ಆರು ಜನ ಗಿರಾಕಿಗಳಲ್ಲಿ ನಾಲ್ವರು "ಇನ್ನೊಂದ್ಸಲ ಮೊದಲನೇದು" ಎಂದವರೇ.

ಎರಡೂವರೆಗೆ, ಮೊಬೈಲನ್ನೇ ಇಟ್ಟುಕೊಳ್ಳದ ಇಂಜಿನಿಯರು ಅಳತೆಯ ಟೇಪು, ಒಂದು ದೊಡ್ಡ ಟಾರ್ಚು ಹಿಡಿದು ಬಂದರು. ಟೀಚರು ಹೊರಗೆ ಹೋಗುವ ಒಳ್ಳೆಯ ಸೀರೆ ಉಟ್ಟು ಬಂದರು. ಕನ್ನಡಕದವರು ಅಂಗಡಿಯ ಬಾಗಿಲೆಳೆದು, ತಲೆ ತಗ್ಗಿಸಿ ಇಬ್ಬರ ನಡುವೆ ನಡೆದರು.

ಷೋರೂಮಿನ ಹೆಣ್ಣುಮಗಳು ಕನ್ನಡಕದವರನ್ನು ನೋಡಿ ನಕ್ಕಳು. ಅವಳಿಗೆ ಇದು ಏಳನೇ ಸಲ. ಆದರೆ ಹಿಂದೆ ನಿಂತಿದ್ದ ಟೇಪು, ಟಾರ್ಚು, ಸೀರೆಗಳನ್ನು ನೋಡಿ ನಗು ಅರ್ಧಕ್ಕೇ ನಿಂತಿತು.

"ಸಾರ್, ಬೆಳಗ್ಗೆಯಿಂದ ಈ ಕಾರು ಓಡ್ತಾನೇ ಇದೆ, ಚಾರ್ಜ್ ಸ್ವಲ್ಪ ಕಮ್ಮಿ ಇದೆ. ಒಂದೇ ಒಂದು ಸುತ್ತು, ಹತ್ತು ನಿಮಿಷ. ಆಗಬಹುದಾ?"

"ಆಗಬಹುದು," ಎಂದರು ಕನ್ನಡಕದವರು.

"ಆಗಲ್ಲ," ಎಂದರು ಇಂಜಿನಿಯರು, ಮುಂದಿನ ಸೀಟಿನಲ್ಲಿ ಆಗಲೇ ಕೂತು. "ಹತ್ತು ನಿಮಿಷದಲ್ಲಿ ಏನ್ ಗೊತ್ತಾಗುತ್ತೆ? ಎ.ಸಿ. ಪೂರ್ತಿ ಇಡಿ. ಹಾಡು ಹಾಕಿ. ಲೈಟು ಹಾಕಿ, ವೈಪರ್ ಹಾಕಿ. ಎಲ್ಲಾ ಒಟ್ಟಿಗೆ ಹಾಕಿ ನೋಡಬೇಕು. ಭಾರ ತಡೆಯುತ್ತೋ ಇಲ್ವೋ ಅಂತ ನಾವು ಟ್ಯಾಂಕು ಪೂರ್ತಿ ತುಂಬಿಸೇ ನೋಡ್ತಿದ್ವಿ."

ಹಿಂದಿನ ಸೀಟಿನಲ್ಲಿ ಟೀಚರು ಷೋರೂಮಿನವಳ ವಿಚಾರಣೆ ಶುರು ಮಾಡಿದ್ದರು. ಎಷ್ಟು ಓದಿದ್ದೀಯ, ಗಣಿತದಲ್ಲಿ ಎಷ್ಟು ಬಂದಿತ್ತು, ಇಷ್ಟು ಕಮ್ಮಿ ಯಾಕೆ ಬಂತು. ಪಾಪ, ಆ ಹುಡುಗಿ ಚಾರ್ಜಿನ ಬಗ್ಗೆ ಹೇಳಲು ಬಾಯಿ ತೆರೆದಾಗಲೆಲ್ಲ ಇನ್ನೊಂದು ಪ್ರಶ್ನೆ ಬಂದು ಬೀಳುತ್ತಿತ್ತು. ನಡುವೆ ಟೀಚರ ಚೀಲದೊಳಗಿನ ಫೋನು "ಟಿಂಗ್" ಎಂದಿತು. ಮತ್ತೆ "ಟಿಂಗ್".

"ಮೇಡಂ, ಮೆಸೇಜು ಬರ್ತಿದೆ. ನಾನು ಓದಲಾ?" ಎಂದಳು ಹುಡುಗಿ, ತಪ್ಪಿಸಿಕೊಳ್ಳಲು ಸಿಕ್ಕ ಕಿಂಡಿ ಅದೊಂದೇ ಎಂಬಂತೆ.

"ಬೇಡ ಬಿಡಮ್ಮ. ಮಧ್ಯಾಹ್ನದಿಂದ ಹೀಗೇ ಹೊಡ್ಕೋತಿದೆ. ನಮ್ಮ ಕಟ್ಟಡದ ಗುಂಪಲ್ಲಿ ಯಾರೋ ನೀರು ಬಂದಿಲ್ಲ ಅಂತ ಬರೆದಿರ್ತಾರೆ. ಕನ್ನಡಕ ಬಂದ ಮೇಲೆ ನಾನೇ ಓದ್ಕೋತೀನಿ. ಯಾವಾಗ ಕೊಡ್ತೀರಿ ಅಂದ್ರಿ?"

"ನಾಳೆ," ಎಂದರು ಕನ್ನಡಕದವರು, ಸ್ಟೀರಿಂಗು ಹಿಡಿದುಕೊಂಡು.

ಮೊದಲ ತಿರುವಿನಲ್ಲಿ ಷೋರೂಮಿಗೆ ವಾಪಸು ಹೋಗಬೇಕಿತ್ತು. ಇಂಜಿನಿಯರು, "ಎಡಕ್ಕೆ ಹೋಗಿ, ಗುಡ್ಡ ಹತ್ತಿಸಿ ನೋಡೋಣ," ಎಂದರು. ಕನ್ನಡಕದವರು ಎಡಕ್ಕೆ ಹೋದರು. ಬೇಡ ಅನ್ನಲಿಕ್ಕೂ ಒಂದು ತೀರ್ಮಾನ ಬೇಕಲ್ಲ. ಗುಡ್ಡದ ರಸ್ತೆ ಸುತ್ತಿಕೊಂಡು ಮೇಲೆ ಹೋಯಿತು. ಎ.ಸಿ. ಬುಸುಗುಟ್ಟುತ್ತಿತ್ತು, ಹಾಡು ಬಡಿಯುತ್ತಿತ್ತು, ಒಂದು ಹನಿ ಮಳೆಯಿಲ್ಲದ ಬಿಸಿಲಿನಲ್ಲಿ ವೈಪರು ಗಾಜನ್ನು ಕಿರ್ ಕಿರ್ ಎಂದು ಕೆರೆಯುತ್ತಿತ್ತು. ತುದಿಯಲ್ಲಿ ಒಂದು ದೊಡ್ಡ ನೀರಿನ ಟ್ಯಾಂಕು ಕಾಣಿಸಿದಾಗ ಕನ್ನಡಕದವರಿಗೆ ಗುಡ್ಡ ಹತ್ತಿಸಿದ ಕಾರಣ ಅರ್ಥವಾಯಿತು.

"ನೋಡಿ, ನಾನೇ ಕಟ್ಟಿಸಿದ್ದು! ಇವತ್ತಿಗೂ ಒಂದು ತೊಟ್ಟು ಸೋರಿಲ್ಲ!"

ಸರಿಯಾಗಿ ಟ್ಯಾಂಕಿನ ನೆರಳಿಗೆ ಬಂದಾಗ ಹಾಡು ನಿಂತಿತು, ಎ.ಸಿ. ನಿಂತಿತು, ವೈಪರು ಅರ್ಧ ದಾರಿಯಲ್ಲಿ ನಿಂತಿತು. ಕಾರೂ ನಿಂತಿತು. ಹಳೆಯ ಕಾರಾಗಿದ್ದರೆ ನಿಲ್ಲುವ ಮುಂಚೆ ಕೆಮ್ಮಿ, ನರಳಿ, ನಾಲ್ಕು ಜನಕ್ಕೆ ಸುದ್ದಿ ಮುಟ್ಟಿಸುತ್ತಿತ್ತು. ಇದು ಸದ್ದಿಲ್ಲದೆ ಕಣ್ಣು ಮುಚ್ಚಿತು.

"ನಾನು ಹೇಳ್ತಾನೇ ಇದ್ದೆ ಸಾರ್," ಎಂದಳು ಷೋರೂಮಿನವಳು. ಅವಳ ಕಣ್ಣಲ್ಲಿ ನೀರಿತ್ತು.

ಗಂಟೆ ನಾಲ್ಕು. ಷೋರೂಮಿಗೆ ಫೋನು ಮಾಡಿದಳು. ಕಾರನ್ನು ಹೊತ್ತೊಯ್ಯುವ ಲಾರಿ ಬೇರೆ ಕಡೆ ಹೋಗಿದೆ, ಬರಲು ಒಂದು ಗಂಟೆಯಾದರೂ ಬೇಕು ಎಂದರು. ತಳ್ಳೋಣವೆಂದರೆ ಚಕ್ರಗಳು ಅಲ್ಲಾಡಲೊಲ್ಲವು. ಇಂಜಿನಿಯರು ಟ್ಯಾಂಕಿನ ಕಂಬಗಳನ್ನು ಟೇಪಿನಿಂದ ಅಳೆದು, ಮೂವತ್ತು ವರ್ಷದಲ್ಲಿ ಒಂದಿಂಚೂ ಕುಸಿದಿಲ್ಲ ಎಂದು ಕೂಗಿ ಹೇಳಿದರು. ಅದಕ್ಕೆ ಉತ್ತರವಾಗಿ ಟೀಚರ ಚೀಲ "ಟಿಂಗ್" ಎಂದಿತು.

ಕನ್ನಡಕದವರು ರಸ್ತೆಯಂಚಿನ ಕಲ್ಲಿನ ಮೇಲೆ ಕೂತರು. ಎರಡು ಗಂಟೆಯಲ್ಲಿ ಜಾಗ ಹಲ್ಲಿನ ಡಾಕ್ಟರ ಪಾಲು. ನೀಲಿ ಕಾರು ಕಣ್ಣೆದುರೇ ಕೈಕೊಟ್ಟಿದೆ. ಬೂದು ಕಾರಿನ ಷೋರೂಮು ಊರಿನ ಆ ತುದಿಯಲ್ಲಿ, ಹೆಂಡತಿಯ ಗ್ರಂಥಾಲಯದ ಹತ್ತಿರ; ಈಗ ಹೊರಟರೂ ಮುಟ್ಟುವುದಿಲ್ಲ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವರಿಗೆ ಯೋಚಿಸುವುದೇ ಸಾಕಾಗಿತ್ತು. ಸುಮ್ಮನೆ ಕಾರಿನ ಕಡೆ ನೋಡುತ್ತ ಕೂತರು.

ಆಗ ಟೀಚರು ಗಾಳಿಗೆಂದು ಕಾರಿನಿಂದ ಇಳಿದರು. ಅರವತ್ತೆಂಟು ವರ್ಷದ, ಎರಡೂ ಮಂಡಿ ಹಿಡಿದುಕೊಂಡಿರುವ ಹೆಂಗಸು. ಬಾಗಿಲು ತೆರೆದರು, ಕಾಲು ಚಾಚಿದರು, ನಿಂತರು.

"ಅಯ್ಯೋ, ಇಳಿದಿದ್ದೇ ಗೊತ್ತಾಗ್ಲಿಲ್ವಲ್ಲ!" ಎಂದರು ತಮಗೆ ತಾವೇ.

ಕನ್ನಡಕದವರು ಎದ್ದು ನಿಂತರು. ಮೊಟ್ಟಮೊದಲ ವಾರದಲ್ಲಿ, ಪಟ್ಟಿಯಲ್ಲಿ ಇನ್ನೂ ಹದಿನಾಲ್ಕು ಕಾರುಗಳಿದ್ದಾಗ, ಹೆಂಡತಿಯೂ ಇದೇ ಕಾರಿನಿಂದ ಇಳಿದು, "ಇದು ಸಲೀಸು ಕಣ್ರೀ" ಎಂದಿದ್ದಳು. ಆ ಒಂದು ಮಾತು ಮೂರು ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. ಬ್ಯಾಟರಿಯ ತೂಕ ಬರೆದಿದ್ದರು, ಡಿಕ್ಕಿಯ ಅಳತೆ ಬರೆದಿದ್ದರು, ಹೆಂಡತಿಯ ಮಂಡಿಯನ್ನು ಬರೆದಿರಲಿಲ್ಲ. ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು, ಜೊತೆಗೆ ಎಷ್ಟೋ ದಿನದಿಂದ ಕಾಣದ ಒಂದು ಹಗುರವೂ ಆಯಿತು.

"ಅಮ್ಮಾ, ಬುಕಿಂಗ್ ಫಾರಂ ಇದೆಯಾ?" ಎಂದರು ಷೋರೂಮಿನವಳಿಗೆ.

"ಯಾವ ಕಾರಿಂದು ಸಾರ್?"

"ಇದರದ್ದೇ."

ಅವಳು ಸತ್ತು ನಿಂತ ಕಾರನ್ನು ನೋಡಿದಳು, ಅವರನ್ನು ನೋಡಿದಳು. ಮನಸ್ಸು ಬದಲಾದೀತು ಎಂಬ ಭಯಕ್ಕೆ ಚೀಲವನ್ನೆಲ್ಲ ನೆಲಕ್ಕೆ ಸುರಿದು ಫಾರಂ ಹುಡುಕಿದಳು. ಇಂಜಿನಿಯರು ಓಡಿ ಬಂದರು.

"ಏನ್ ಸ್ವಾಮಿ, ತಲೆ ಕೆಟ್ಟಿದೆಯಾ? ನಿಂತುಹೋದ ಗಾಡಿ ಬುಕ್ ಮಾಡ್ತಾರಾ ಯಾರಾದ್ರೂ? ಒಂದು ವರ್ಷ ತಡೀರಿ, ಇನ್ನೂ ಒಳ್ಳೇದು ಬರುತ್ತೆ!"

"ಸಾರ್, ನಿಮ್ಮ ಟ್ಯಾಂಕು ಚೆನ್ನಾಗಿದೆ," ಎಂದರು ಕನ್ನಡಕದವರು, ಬಾನೆಟ್ಟಿನ ಮೇಲೆ ಫಾರಂ ಇಟ್ಟು ಸಹಿ ಹಾಕುತ್ತ. ಅಷ್ಟು ಖಾರವಾಗಿ ಅವರು ಯಾರ ಹತ್ತಿರವೂ ಯಾವತ್ತೂ ಮಾತಾಡಿರಲಿಲ್ಲ.

ಮುಂಗಡದ ಚೆಕ್ಕು ಕೊಟ್ಟು ರಸೀದಿ ಪಡೆಯುವಷ್ಟರಲ್ಲಿ ಐದು ಗಂಟೆ. ಹುಡುಗಿ ಲಾರಿಗೆ ಕಾಯುತ್ತ ಅಲ್ಲೇ ಉಳಿದಳು. ಉಳಿದ ಮೂವರು ಗುಡ್ಡ ಇಳಿದು, ಬಸ್ಸು ಹತ್ತಿ, ನಿಂತುಕೊಂಡೇ ಬಂದರು. ಪ್ರತಿ ನಿಲ್ದಾಣದಲ್ಲೂ ಬಸ್ಸು ಬೇಕೆಂದೇ ತಡ ಮಾಡುತ್ತಿದೆ ಅನ್ನಿಸುತ್ತಿತ್ತು. ಕನ್ನಡಕದವರು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ರಸೀದಿ ಹಿಡಿದು, ಹೆಂಡತಿಯ ಮುಖ ಹೇಗೆ ಅರಳೀತು ಎಂದು ಊಹಿಸುತ್ತ ನಿಂತಿದ್ದರು.

ಆರಕ್ಕೆ ಐದು ನಿಮಿಷವಿತ್ತು. ನೆಲಮಾಳಿಗೆಯಲ್ಲಿ ಮೇಜು ಹಾಕಿಕೊಂಡು ಕಾರ್ಯದರ್ಶಿಗಳು ಕೂತಿದ್ದರು. ಪಕ್ಕದಲ್ಲಿ ಹೆಂಡತಿ, ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕಾಲು ಚಾಚಿ ಕೂತಿದ್ದಳು. ಕನ್ನಡಕದವರು ಏದುಸಿರು ಬಿಡುತ್ತ ರಸೀದಿಯನ್ನು ಮೇಜಿನ ಮೇಲೆ ಇಟ್ಟರು.

"ತಗೊಳ್ಳಿ! ಇನ್ನೂ ಆರಾಗಿಲ್ಲ!"

ಕಾರ್ಯದರ್ಶಿಗಳು ರಸೀದಿಯನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ರಿಜಿಸ್ಟರು ತೆರೆದು, ಅದರ ನಡುವೆ ಇಟ್ಟಿದ್ದ ಇನ್ನೊಂದು ರಸೀದಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕನ್ನಡಕದವರ ಮುಖ ನೋಡಿದರು.

"ನಿಮ್ಮದು ಆಗಲೇ ಆಗಿದೆಯಲ್ಲ. ನಿಮ್ಮ ಮನೆಯವರು ಮಧ್ಯಾಹ್ನವೇ ರಸೀದಿ ಕಳಿಸಿದಾರೆ. ಬೂದು ಕಾರಿಂದು. ಗುಂಪಿನಲ್ಲಿ ಎಲ್ಲರಿಗೂ ತಿಳಿಸಿದೀನಿ. ಒಂದು ಮನೆಗೆ ಒಂದೇ ಜಾಗ, ಸ್ವಾಮಿ. ಎರಡು ಕಾರು ಅಂದ್ರೆ ಆಗಲ್ಲ."

ಕನ್ನಡಕದವರು ಕಣ್ಣು ಕಣ್ಣು ಬಿಟ್ಟರು. ಏನೋ ಹೇಳಲು ಹೋಗಿ, ಪೆನ್ನಿಗೋ ಕರವಸ್ತ್ರಕ್ಕೋ ಜೇಬಿಗೆ ಕೈ ಹಾಕಿದರು. ಕೈಗೆ ಕನ್ನಡಕದ ಡಬ್ಬಿ ಬಂತು.

"ನನ್ನದಲ್ವಾ ಅದು?" ಟೀಚರು ಡಬ್ಬಿ ಕಿತ್ತುಕೊಂಡು ಕನ್ನಡಕ ಏರಿಸಿದರು. ಫೋನು ತೆಗೆದು, ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಓದಿದರು. "ಹನ್ನೆರಡು ಐವತ್ತು, ಕಾರ್ಯದರ್ಶಿಗಳು: ಚಾರ್ಜಿಂಗ್ ಜಾಗ ಮೂರನೇ ಮಹಡಿಯ ಕನ್ನಡಕದವರಿಗೆ ಖಾಯಂ. ಎರಡೂವರೆ, ನಿಮ್ಮ ಮನೆಯವರು: ಟೀಚರೇ, ಇವರ ಫೋನು ಸತ್ತಿದೆ, ನಾನು ಬುಕ್ ಮಾಡಿದೀನಿ ಅಂತ ದಯವಿಟ್ಟು ಹೇಳಿ. ಮೂರೂಕಾಲು: ಟೀಚರೇ, ಸಿಕ್ಕಿದ್ರಾ? ನಾಲ್ಕು: ಏನೂ ಸಹಿ ಹಾಕಬೇಡಿ ಅಂತ ಹೇಳಿ." ಟೀಚರು ಕನ್ನಡಕದ ಮೇಲಿಂದ ನೋಡಿದರು. "ಒಟ್ಟು ಒಂಬತ್ತು ಇದೆ. ಎಲ್ಲಾ ಓದಲಾ?"

"ಟೀಚರಿಗೆ ಫೋನ್ ಮಾಡಬಾರದಿತ್ತೇನೇ?" ಎಂದರು ಕನ್ನಡಕದವರು ಹೆಂಡತಿಗೆ.

"ಗ್ರಂಥಾಲಯದಲ್ಲಿ ಫೋನಲ್ಲಿ ಮಾತಾಡೋ ಹಾಗಿಲ್ಲ ಅಂತ ಬೋರ್ಡು ಬರೆಸಿದ್ದೇ ನಾನು," ಎಂದಳು ಹೆಂಡತಿ. ಆಮೇಲೆ ಮೆತ್ತಗೆ, "ನೀವು ಮಾಡಲ್ಲ ಅಂದ್ಕೊಂಡೆ ಕಣ್ರೀ. ಊಟದ ಹೊತ್ತಲ್ಲಿ ಹೋಗಿ ಬುಕ್ ಮಾಡ್ದೆ. ಆ ಬೂದು ಕಾರಲ್ಲಿ ಕೂತಾಗ ಒಂದ್ಸಲ, ಒಂದೇ ಸಲ, ನಿಮ್ಮ ಹಣೆ ಗಂಟು ಬಿಚ್ಚಿತ್ತು. ಹಾಗೇ ನಿದ್ದೆ ಹೋಗಿಬಿಟ್ರಿ. ಅದಕ್ಕೇ ಅದನ್ನ ತಗೊಂಡೆ."

ಕನ್ನಡಕದವರು ಮೇಜಿನ ಮೇಲಿದ್ದ ತಮ್ಮ ರಸೀದಿಯನ್ನು ಅವಳತ್ತ ಸರಿಸಿದರು. "ನಾನು ನಿನ್ನ ಮಂಡಿಗೋಸ್ಕರ ನೀಲಿ ತಗೊಂಡೆ," ಎಂದರು.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡುತ್ತ ಉಳಿದರು. ಹನ್ನೊಂದು ತಿಂಗಳಲ್ಲಿ ಇಬ್ಬರೂ ಇಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಎರಡೂ ಷೋರೂಮಲ್ಲಿ ನಿಯಮ ಒಂದೇ ಇರುತ್ತೆ," ಎಂದರು ಕಾರ್ಯದರ್ಶಿಗಳು, ಗಂಟಲು ಸರಿಪಡಿಸಿಕೊಂಡು. "ನಾಳೆ ಬೆಳಗ್ಗೆ ಹತ್ತರೊಳಗೆ ಹೇಳಿದ್ರೆ ರದ್ದು ಮಾಡ್ತಾರೆ. ಆಮೇಲೆ ಕಾರು ನಿಮ್ಮ ತಲೆಗೇ. ಒಂದನ್ನ ಬಿಡಿ. ಯಾವುದು ಅಂತ ಈಗಲೇ ಬರೆದುಕೊಟ್ರೆ ನನಗೂ ಅನುಕೂಲ."

"ನೀಲಿ ಬಿಡಿ, ನಿಂತೇಹೋಗುತ್ತೆ," ಎಂದರು ಇಂಜಿನಿಯರು.

"ಬೂದು ಬಿಡಿ, ಸೀಟು ತಗ್ಗು," ಎಂದರು ಟೀಚರು.

ಹಲ್ಲಿನ ಡಾಕ್ಟರು ಯಾವಾಗ ಬಂದರೋ, ಮೂಲೆಯಲ್ಲಿ ನಿಂತು, "ಎರಡೂ ಬಿಟ್ರೆ ಇನ್ನೂ ಒಳ್ಳೇದು," ಎಂದರು.

ಹೆಂಡತಿ ಕುರ್ಚಿಯ ಕೈ ಹಿಡಿದು, "ಅಮ್ಮಾ" ಎಂದು ಎದ್ದಳು. ಎರಡೂ ರಸೀದಿಗಳನ್ನು ಮೇಜಿನಿಂದ ಎತ್ತಿಕೊಂಡಳು. "ನಾನು ಹೇಳಲ್ಲಪ್ಪ. ನಾನು ಆರಿಸಿದ್ದು ನಿಮಗೋಸ್ಕರ, ನೀವು ಆರಿಸಿದ್ದು ನನಗೋಸ್ಕರ. ಯಾವುದನ್ನ ಬಿಡು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಶುರು ಮಾಡಿದೋರು ನೀವು, ನೀವೇ ಮುಗಿಸಿ."

ಬೂದು ಕಾರಿನ ರಸೀದಿಯನ್ನು ಅವರ ಕಣ್ಣಿನ ಮುಂದೆ ಹಿಡಿದಳು. ಅದನ್ನು ಕೆಳಗಿಳಿಸಿ ನೀಲಿಯದನ್ನು ಹಿಡಿದಳು.

"ಮೊದಲನೇದಾ, ಎರಡನೇದಾ?"

ಕನ್ನಡಕದವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಹಣೆಯ ಮೇಲಿನ ಬೆವರು ಒರೆಸಿಕೊಂಡರು. ಎಲ್ಲರೂ ತಮ್ಮ ಬಾಯನ್ನೇ ನೋಡುತ್ತಿದ್ದಾರೆ ಎಂದು ಅವರಿಗೆ ಗೊತ್ತಿತ್ತು.

"ಎಲ್ಲಿ," ಎಂದರು ಕೊನೆಗೆ, "ಇನ್ನೊಂದ್ಸಲ ಮೊದಲನೇದು ತೋರಿಸು."